ನಾಯಕನ ತಪ್ಪಿಗೆ ಬೆಲೆ ತೆರುವವರು ಯಾರು? ಚಾರಿತ್ರಿಕ ಪ್ರೇಮಕಾದಂಬರಿ ಓದುವವರಿಗೊಂದು ಟಿಪ್ಪಣಿ

ಚಾರಿತ್ರಿಕ ಪ್ರೇಮಕಾದಂಬರಿ ಅಂದ ಕೂಡಲೇ ಚೆಲುವ, ಹಣವಂತ, ಮಾತಿನಮಲ್ಲ ನಾಯಕ ಕಣ್ಣ ಮುಂದೆ ಬರುತ್ತಾನೆ. ಹಾಗಿಲ್ಲದ ನಾಯಕ ಸಿಕ್ಕಾಗ "ಇವನಲ್ಲಿ ದೋಷಗಳಿವೆ, ಆದ್ದರಿಂದ ಸಹಜವಾಗಿದ್ದಾನೆ" ಎಂದು ಒಂದು ಸಾಲು ಬರೆದು ಮುಗಿಸುತ್ತೇವೆ. ಅಷ್ಟು ಸಾಲದು. ಆ ದೋಷದಿಂದ ಯಾರಿಗೆ ಏನು ನಷ್ಟವಾಯಿತು ಅಂತ ಕೇಳಬೇಕು.

ಮೊದಲು ಕೊರತೆ ಬೇರೆ, ತಪ್ಪು ಬೇರೆ ಅಂತ ಬಿಡಿಸಿಕೊಳ್ಳೋಣ. ಕುಂಟು ಕಾಲು, ಮುಖದ ಮೇಲಿನ ಗಾಯ, ತೊದಲು ಮಾತು ಇವೆಲ್ಲ ಕೊರತೆ. ಸುಳ್ಳು, ಜೂಜು, ದರ್ಪ ಇವು ತಪ್ಪು. ಕೊರತೆ ಇರುವವನು ಬದಲಾಗಬೇಕಿಲ್ಲ. ತಪ್ಪು ಮಾಡಿದವನು ಬದಲಾಗಲೇಬೇಕು.

ಕೊರತೆಯೂ ಕತೆಯಲ್ಲಿ ಕೆಲಸ ಮಾಡಬೇಕು, ಸುಮ್ನೆ ಅಲಂಕಾರಕ್ಕೆ ಇರಬಾರದು. 1815ರ ವಾಟರ್ಲೂ ಯುದ್ಧದಲ್ಲಿ ಕಾಲಿಗೆ ಪೆಟ್ಟು ತಿಂದ ಒಬ್ಬ ಕ್ಯಾಪ್ಟನ್ ಇದ್ದಾನೆ ಅಂದುಕೊಳ್ಳಿ. ನೃತ್ಯಕೂಟದಲ್ಲಿ ಅವನು ಕುಣಿಯಲಾರ. ಆ ಕಾಲದ ಇಂಗ್ಲೆಂಡಿನ ಶಿಷ್ಟಾಚಾರದ ಪ್ರಕಾರ, ಹುಡುಗಿ ಒಬ್ಬನ ಜೊತೆ ಕುಣಿಯಲು ಒಲ್ಲೆ ಅಂದರೆ ಆ ರಾತ್ರಿ ಬೇರೆಯವರ ಜೊತೆಗೂ ಕುಣಿಯುವಂತಿಲ್ಲ. ಕ್ಯಾಪ್ಟನ್ ಪಕ್ಕದಲ್ಲಿ ಕೂರಬೇಕು ಅಂತ ಅವಳು ಒಬ್ಬನಿಗೆ ಒಲ್ಲೆ ಅಂದಳು. ಅವಳ ಇಡೀ ಸಂಜೆ ಹೋಯಿತು, ಎಲ್ಲರೂ ನೋಡಿದರು. ಕುಂಟು ಕಾಲು ಅವನದು, ಬೆಲೆ ತೆತ್ತವಳು ಅವಳು. ಪ್ರೀತಿ ಅನ್ನೋ ಪದವೇ ಇಲ್ಲದೆ ಪ್ರೀತಿ ಗೊತ್ತಾಗುತ್ತದೆ, ಅಲ್ವಾ?

ತಪ್ಪಿನ ಕತೆ ಇನ್ನೂ ದೊಡ್ಡದು. ಅದಕ್ಕೆ 1847ರಲ್ಲಿ ಬಂದ ಶಾರ್ಲೆಟ್ ಬ್ರಾಂಟೆಯ ಕಾದಂಬರಿ 'ಜೇನ್ ಐರ್' ನೋಡೋಣ. ಜೇನ್ ಬಡ ಶಿಕ್ಷಕಿ, ರಾಚೆಸ್ಟರ್ ಅವಳು ಪಾಠ ಹೇಳುವ ಮನೆಯ ಯಜಮಾನ. ತಾನು ಚೆಲುವನೇ ಅಂತ ರಾಚೆಸ್ಟರ್ ಕೇಳಿದಾಗ ಜೇನ್ ಯೋಚಿಸದೆ ಇಲ್ಲ ಅಂದುಬಿಡುತ್ತಾಳೆ. ನನಗೆ ತುಂಬ ಇಷ್ಟವಾದ ಜಾಗ ಇದು. ರೂಪದ ಲೆಕ್ಕ ಅಲ್ಲಿಗೇ ಚುಕ್ತಾ. ಆಮೇಲೆ ಉಳಿಯುವುದು ಅವನ ಸುಳ್ಳು. ಜೇನ್ ಜೊತೆ ಮದುವೆಗೆ ಚರ್ಚಿನಲ್ಲಿ ನಿಂತಾಗ ವಕೀಲನೊಬ್ಬ ತಡೆಯುತ್ತಾನೆ: ವರನಿಗೆ ಆಗಲೇ ಹೆಂಡತಿ ಇದ್ದಾಳೆ, ಬದುಕಿದ್ದಾಳೆ. ಅವಳಿಗೆ ಬುದ್ಧಿಭ್ರಮೆ, ರಾಚೆಸ್ಟರ್ ಅವಳನ್ನು ತನ್ನ ಮನೆಯ ಮೇಲಂತಸ್ತಿನಲ್ಲಿ ಬಚ್ಚಿಟ್ಟಿದ್ದಾನೆ.

ಇಲ್ಲಿ ಕಾನೂನು ಗೊತ್ತಿದ್ದರೆ ಓದು ಆಳವಾಗುತ್ತದೆ. ಹೆಂಡತಿಗೆ ಬುದ್ಧಿಭ್ರಮೆ ಅನ್ನೋ ಕಾರಣಕ್ಕೆ ಅಲ್ಲಿ ವಿಚ್ಛೇದನ ಸಿಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ವಿಚ್ಛೇದನಕ್ಕೆ ಕೋರ್ಟಿನ ದಾರಿ ತೆರೆದದ್ದೇ 1857ರ ಕಾಯ್ದೆಯಿಂದ. ಅದರಲ್ಲೂ ಹೆಂಡತಿ ವ್ಯಭಿಚಾರ ಮಾಡಿದಳು ಅಂತ ಸಾಬೀತಾದರೆ ಗಂಡನಿಗೆ ಸಾಕಿತ್ತು. ಹೆಂಡತಿಯಾದರೆ ಅದರ ಜೊತೆಗೆ ಕ್ರೌರ್ಯ, ತೊರೆದು ಹೋದದ್ದು ಇಂಥ ಇನ್ನೊಂದು ಕಾರಣವನ್ನೂ ತೋರಿಸಬೇಕಿತ್ತು. ಅಂದರೆ ಹೆಣ್ಣು ತಪ್ಪು ಗಂಡನ್ನು ಆರಿಸಿಕೊಂಡರೆ ಹಿಂದಕ್ಕೆ ದಾರಿ ಇಲ್ಲದಷ್ಟು ಕಷ್ಟ. ಆ ಕಾಲದಲ್ಲಿ ಕತೆ ಇಟ್ಟು ನಾಯಕನಿಗೆ ತಪ್ಪು ಕೊಟ್ಟ ಲೇಖಕರು ಈ ಭಾರವನ್ನು ಹೊರಲೇಬೇಕು. ಬರೀ ಒಂದು ಕ್ಷಮೆ ಕೇಳಿಸಿ ಮುಗಿಸಿದರೆ ನನಗಂತೂ ಮೋಸ ಅನ್ನಿಸುತ್ತದೆ.

ಜೇನ್ ಬಿಟ್ಟು ಹೋಗುತ್ತಾಳೆ. ಮನೆಗೆ ಬೆಂಕಿ ಬಿದ್ದಾಗ ರಾಚೆಸ್ಟರ್ ಕೆಲಸದವರನ್ನು ಹೊರಗೆ ಕಳಿಸಿ, ಹೆಂಡತಿಯನ್ನು ಉಳಿಸಲು ಮೇಲೆ ಹೋಗುತ್ತಾನೆ. ಅವಳು ಉಳಿಯುವುದಿಲ್ಲ. ಅವನ ಒಂದು ಕೈ ಹೋಗುತ್ತದೆ, ದೃಷ್ಟಿ ಹೋಗುತ್ತದೆ. ಇದು ಶಿಕ್ಷೆ ಅಂತ ಜಾಸ್ತಿ ಜನ ಬರೆಯುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ: ಇಷ್ಟು ದಿನ ಅಪ್ಪಣೆ ಕೊಡುತ್ತಿದ್ದವನು ಈಗ ದಾರಿ ನಡೆಯಲು ಇನ್ನೊಬ್ಬರ ಕೈ ಕೇಳಬೇಕು.

ಇನ್ನೊಂದು ಅಂಶ ಬಿಟ್ಟುಹೋಗುತ್ತದೆ. ಜೇನ್‌ಗೆ ಅಷ್ಟರಲ್ಲಿ ಚಿಕ್ಕಪ್ಪನ 20,000 ಪೌಂಡ್ ಬಂದಿರುತ್ತದೆ. ಸಂಬಂಧಿಕರಿಗೆ ಹಂಚಿ 5,000 ತನಗೆ ಇಟ್ಟುಕೊಂಡು ಸ್ವತಂತ್ರಳಾಗಿ ವಾಪಸ್ ಬರುತ್ತಾಳೆ. ಆದರೆ ಪ್ರತ್ಯೇಕ ಕರಾರು ಮಾಡಿಕೊಳ್ಳದಿದ್ದರೆ, ಮದುವೆಯಾದ ಕ್ಷಣ ಆ ಹಣ ಗಂಡನದು. ವಿವಾಹಿತೆಯ ಆಸ್ತಿ ಅವಳದೇ ಅಂತ ಕಾನೂನು ಪೂರ್ತಿಯಾಗಿ ಒಪ್ಪಿದ್ದು 1882ರಲ್ಲಿ. ಅವಳು ಅವನನ್ನು ಎರಡನೇ ಸಲ ನಂಬುವ ಅಧ್ಯಾಯವನ್ನು ಈ 5,000 ಪೌಂಡ್ ನೆನಪಿಟ್ಟುಕೊಂಡು ಮತ್ತೊಮ್ಮೆ ಓದಿ.