ಓದುಗರ ಪ್ರಶ್ನೆ: ಸೋರುವ ಬಿಲ್ಡಿಂಗ್ ಆದರೂ ರೀಡೆವಲಪ್‌ಮೆಂಟ್ ಬೇಡ ಅಂತಾರಲ್ಲ, ಯಾಕೆ?

ಮುಂಬೈ ಸುತ್ತಮುತ್ತಲಿನ ಡೊಂಬಿವಲಿ, ಮುಲುಂಡ್, ಚೆಂಬೂರ್ ಕಡೆಯ ಓದುಗರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಪ್ಲಾಸ್ಟರ್ ಉದುರುತ್ತಿದೆ, ಬಿಲ್ಡರ್ ಹಳೇದನ್ನು ಕೆಡವಿ ಹೊಸದು ಕಟ್ಟಿ (ಇದೇ ರೀಡೆವಲಪ್‌ಮೆಂಟ್) ದೊಡ್ಡ ಮನೆ ಕೊಡುತ್ತೇನೆ ಅಂತಾನೆ, ಆದರೂ ಸೊಸೈಟಿಯಲ್ಲಿ ಅರ್ಧ ಜನ ಒಪ್ಪುವುದಿಲ್ಲ. ಇದು ಮೊಂಡುತನವಾ?

ಅಲ್ಲ ಅಂತ ನನ್ನ ಅನಿಸಿಕೆ. ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಎಲ್ಸ್‌ಬರ್ಗ್ 1961ರಲ್ಲಿ ಇಂಥ ಹಿಂಜರಿಕೆಯ ಬಗ್ಗೆಯೇ ಒಂದು ಲೇಖನ ಬರೆದರು. (ಹತ್ತು ವರ್ಷದ ನಂತರ ವಿಯೆಟ್ನಾಂ ಯುದ್ಧದ ಗುಟ್ಟಿನ ಕಡತಗಳನ್ನು ಪತ್ರಿಕೆಗೆ ಕೊಟ್ಟವರೂ ಇವರೇ.) ಎರಡು ಡಬ್ಬಿ ಇವೆ ಅಂದುಕೊಳ್ಳಿ. ಒಂದರಲ್ಲಿ 50 ಕೆಂಪು, 50 ಕಪ್ಪು ಚೆಂಡು. ಇನ್ನೊಂದರಲ್ಲೂ 100 ಚೆಂಡು, ಆದರೆ ಯಾವ ಬಣ್ಣದ್ದು ಎಷ್ಟು ಗೊತ್ತಿಲ್ಲ. ಕೆಂಪು ಬಂದರೆ ಬಹುಮಾನ ಅಂದರೆ ಹೆಚ್ಚಿನವರು ಮೊದಲ ಡಬ್ಬಿಗೇ ಕೈ ಹಾಕುತ್ತಾರೆ. ಸರಿ, ಎರಡನೆಯದರಲ್ಲಿ ಕೆಂಪು ಕಡಿಮೆ ಇರಬಹುದು ಅಂತ ಅನುಮಾನ ಇರಬೇಕು ಅನ್ನೋಣ. ಹಾಗಿದ್ದರೆ ಅಲ್ಲಿ ಕಪ್ಪು ಜಾಸ್ತಿ ಇರಬೇಕು, ಅಲ್ವಾ? ಆದರೆ ಕಪ್ಪಿಗೆ ಬಹುಮಾನ ಅಂದರೂ ಅದೇ ಜನ ಮತ್ತೆ ಮೊದಲ ಡಬ್ಬಿಯನ್ನೇ ಆರಿಸುತ್ತಾರೆ! ಖಚಿತ ಗೊತ್ತಿಲ್ಲದಾಗ ಹೇಗೆ ಆರಿಸಬೇಕು ಅಂತ ಸಂಖ್ಯಾಶಾಸ್ತ್ರಜ್ಞ ಲೆನರ್ಡ್ ಸ್ಯಾವೇಜ್ 1954ರಲ್ಲಿ ಕಟ್ಟಿದ ಲೆಕ್ಕಾಚಾರದ ನಿಯಮಕ್ಕೆ ಇದು ಹೊಂದುವುದೇ ಇಲ್ಲ. ತಮಾಷೆ ಅಂದರೆ, ಎಲ್ಸ್‌ಬರ್ಗ್ ಕೇಳಿದಾಗ ಸ್ಯಾವೇಜ್ ಕೂಡ ತಮ್ಮದೇ ನಿಯಮ ಮುರಿದಿದ್ದರು.

ಅಂದರೆ ಸೋಲಿಗಿಂತ ಜಾಸ್ತಿ, ಸೋಲು ಗೆಲುವಿನ ಪ್ರಮಾಣವೇ ಗೊತ್ತಿಲ್ಲದಿರುವುದು ಜನರನ್ನು ಹಿಂದಕ್ಕೆ ಎಳೆಯುತ್ತದೆ. ಸೋರುವ ಮನೆಯ ರಿಪೇರಿಗೆ ಎಷ್ಟಾಗುತ್ತದೆ ಅಂತ ಅಂದಾಜಿದೆ. ಬಿಲ್ಡರ್ ಮೂರು ವರ್ಷ ಅಂದದ್ದು ಎಷ್ಟಕ್ಕೆ ಮುಗಿಯುತ್ತದೆ, ಅಲ್ಲಿಯವರೆಗೆ ಬೇರೆ ಕಡೆ ಇರಲು ಅವನು ಕೊಡುವ ಬಾಡಿಗೆ ದುಡ್ಡು ನಡುವೆ ನಿಂತುಹೋದರೆ ಏನು ಗತಿ, ಇದಕ್ಕೆ ಯಾರ ಹತ್ತಿರವೂ ಅಂದಾಜಿಲ್ಲ. ಇಂಥ ಕಡೆ ಕೆಲವರು ಅತಿ ಕೆಟ್ಟ ಸಾಧ್ಯತೆಯನ್ನೇ ನಿಜ ಅಂತ ಹಿಡಿದು ತೀರ್ಮಾನ ಮಾಡುತ್ತಾರೆ. ಅರ್ಥಶಾಸ್ತ್ರಜ್ಞರಾದ ಗಿಲ್ಬೋವಾ ಮತ್ತು ಶ್ಮೈಡ್ಲರ್ 1989ರಲ್ಲಿ ಇದನ್ನು ಗಣಿತವಾಗಿಯೇ ಬರೆದರು. ಮೂರನೇ ಮಹಡಿಯ ಆಂಟಿ ಅದನ್ನು ಓದದೆಯೇ ಪಾಲಿಸುತ್ತಾರೆ.

1995ರಲ್ಲಿ ಮನಶ್ಶಾಸ್ತ್ರಜ್ಞರಾದ ಫಾಕ್ಸ್ ಮತ್ತು ಟ್ವೆರ್ಸ್ಕಿ ಇನ್ನೊಂದು ವಿಷಯ ತೋರಿಸಿದರು. ಎರಡೂ ಡಬ್ಬಿ ಪಕ್ಕಪಕ್ಕ ಇಟ್ಟರೆ ಗೊತ್ತಿಲ್ಲದ ಡಬ್ಬಿಗೆ ಜನ ಕಡಿಮೆ ಬೆಲೆ ಕಟ್ಟುತ್ತಾರೆ. ಒಬ್ಬೊಬ್ಬರಿಗೆ ಒಂದೊಂದೇ ತೋರಿಸಿದರೆ ಆ ವ್ಯತ್ಯಾಸ ಹೆಚ್ಚುಕಮ್ಮಿ ಮಾಯ. ಸೊಸೈಟಿ ಮೀಟಿಂಗ್‌ನಲ್ಲಿ ಹಳೇ ಮನೆ ಯಾವಾಗಲೂ ಪಕ್ಕದಲ್ಲೇ ಇರುತ್ತದೆ. ಅದಕ್ಕೇ ಒಪ್ಪಿಸಲು ಹೊರಟವರು ಸುಮ್ನೆ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ) ಬಗ್ಗೆ ಭಾಷಣ ಮಾಡಬೇಡಿ. ಬಿಲ್ಡರ್‌ನ ಹಿಂದಿನ ಬಿಲ್ಡಿಂಗ್‌ನ ಓಸಿ (ವಾಸಕ್ಕೆ ಯೋಗ್ಯ ಅಂತ ಸಿಗುವ ಪ್ರಮಾಣಪತ್ರ), ಬ್ಯಾಂಕ್ ಗ್ಯಾರಂಟಿ, ಮುಂಗಡ ಬಾಡಿಗೆಯ ಕಾಗದ ಮೇಜಿನ ಮೇಲಿಡಿ.

ಬೇಡ ಅನ್ನುವವರಿಗೂ ನನ್ನದೊಂದು ತಕರಾರಿದೆ. ಹಳೇ ಬಿಲ್ಡಿಂಗೇ ಗೊತ್ತಿರುವ ಡಬ್ಬಿ ಅಂತ ಹೇಗೆ ಹೇಳುತ್ತೀರಿ? ಸ್ಟ್ರಕ್ಚರಲ್ ಆಡಿಟ್ (ಎಂಜಿನಿಯರ್‌ನಿಂದ ಕಟ್ಟಡದ ಗಟ್ಟಿತನದ ತಪಾಸಣೆ) ಆಗದಿದ್ದರೆ ಪಿಲ್ಲರ್ ಒಳಗಿನ ಕಬ್ಬಿಣ ಎಷ್ಟು ತುಕ್ಕು ಹಿಡಿದಿದೆ ಅಂತ ನಿಮಗೂ ಗೊತ್ತಿಲ್ಲ.