ಸ್ಕ್ರಿಪ್ಟಿನೊಳಗೆ ವಿಳಾಸ ಬರೆಯುವ ಹೊತ್ತು

ಹಂಪನಕಟ್ಟೆಯ ನಮ್ಮ ಕಚೇರಿಗೆ ತರಬೇತಿಗೆಂದು ಬಂದಿದ್ದ ಹುಡುಗನೊಬ್ಬ ಕಳೆದ ತಿಂಗಳು, “ಸರ್, ಇನ್‌ಸ್ಟಾಲ್ ಸರಿಯಾಗಿಯೇ ಆಗಿದೆ, ಆದರೆ ಸ್ಕ್ರಿಪ್ಟಿಗೆ ಅದರ ಪ್ರೋಗ್ರಾಮೇ ಸಿಗುತ್ತಿಲ್ಲ” ಎಂದು ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ತಂದಿಟ್ಟ. ಕಡತ ತೆರೆಯುವ ಮೊದಲೇ ನನಗೆ ಕಾರಣ ಗೊತ್ತಿತ್ತು. ಪ್ರೋಗ್ರಾಮನ್ನು ಬೇರೆ ಬೇರೆ ಯಂತ್ರಗಳಲ್ಲಿ ಕಟ್ಟಲು ಅಣಿಮಾಡುವ ಆಟೋಕಾನ್ಫ್ ಎಂಬ ಸಾಧನ ಬಳಸುವವರ ಈ ಒಂದು ತಪ್ಪನ್ನು ಎಷ್ಟು ಸಲ ತಿದ್ದಿದ್ದೇನೆಂದು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಸ್ಕ್ರಿಪ್ಟಿನ ಮೂಲ ಕಡತದಲ್ಲಿ ಎರಡು ಆಟ್ ಚಿಹ್ನೆಗಳ ನಡುವೆ ‘ಬಿನ್‌ಡಿರ್’ (ಪ್ರೋಗ್ರಾಮುಗಳನ್ನಿಡುವ ಡೈರೆಕ್ಟರಿ) ಎಂದು ಬರೆದು, ಅದನ್ನು ತುಂಬುವ ಕೆಲಸವನ್ನು ಅವನು ಆಟೋಕಾನ್ಫ್ ತಯಾರಿಸಿಕೊಡುವ ಕಾನ್ಫಿಗರ್‌ಗೆ ಒಪ್ಪಿಸಿದ್ದ. ಕಾನ್ಫಿಗರ್ ಸಾಮಾನ್ಯವಾಗಿ ಅಲ್ಲಿ ತುಂಬುವುದು ಪೂರ್ಣ ವಿಳಾಸವನ್ನಲ್ಲ, ಎಕ್ಸೆಕ್‌ಪ್ರಿಫಿಕ್ಸ್ ಎಂಬ ಇನ್ನೊಂದು ವೇರಿಯಬಲ್ಲನ್ನು ಡಾಲರ್ ಚಿಹ್ನೆಯ ಸಮೇತ ತಂದು ಅದರ ಮುಂದೆ ‘/ಬಿನ್’ ಎಂದು ಬರೆಯುತ್ತದೆ. ಪ್ರೋಗ್ರಾಮು ಕಟ್ಟುವ ಮೇಕ್ ಎಂಬ ಸಾಧನಕ್ಕೆ ನಿಯಮಗಳನ್ನು ಹೇಳುವ ಮೇಕ್‌ಫೈಲಿನಲ್ಲಿ ಅದಕ್ಕೆ ಅರ್ಥವುಂಟು. ಶೆಲ್ ಸ್ಕ್ರಿಪ್ಟಿನಲ್ಲಿ ಆ ವೇರಿಯಬಲ್ ಖಾಲಿಯಾದ್ದರಿಂದ ಉಳಿಯುವುದು ಬರಿಯ ‘/ಬಿನ್’. ಆ ಡೈರೆಕ್ಟರಿ ಲಿನಕ್ಸಿನಲ್ಲಿ ನಿಜಕ್ಕೂ ಇರುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದೂ ಇಲ್ಲ.

“ವೇರಿಯಬಲ್ಲನ್ನು ಬಿಡಿಸುವ ಇವ್ಯಾಲ್ ಆಜ್ಞೆಯನ್ನು ಎರಡು ಸಲ ಹಾಕಿದರೆ ಆಯಿತಲ್ಲ ಸರ್?” ಎಂದು ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ವಿಳಾಸವನ್ನು ಹೀಗೆ ಬಿಡಿಸದೆ ಉಳಿಸಿರುವುದು ಬೇಕೆಂದೇ. ಏನೂ ಹೇಳದಿದ್ದರೆ ಎಕ್ಸೆಕ್‌ಪ್ರಿಫಿಕ್ಸ್‌ಗೆ ಆಧಾರವಾದ ಪ್ರಿಫಿಕ್ಸ್, ಅಂದರೆ ಇನ್‌ಸ್ಟಾಲ್ ಆಗುವ ಮೂಲ ಡೈರೆಕ್ಟರಿ, ‘/ಯುಎಸ್‌ಆರ್/ಲೋಕಲ್’ ಆಗುತ್ತದೆ. ಆದರೆ ಜಿಎನ್‌ಯು ಎಂಬ ಮುಕ್ತ ತಂತ್ರಾಂಶ ಯೋಜನೆಯ ಪದ್ಧತಿಯ ಪ್ರಕಾರ ಮೇಕ್ ಓಡಿಸುವಾಗ ಬೇರೆ ಪ್ರಿಫಿಕ್ಸ್ ಕೊಡುವ ಸ್ವಾತಂತ್ರ್ಯ ಬಳಕೆದಾರರಿಗಿದೆ, ಕೊಟ್ಟರೆ ಸ್ಕ್ರಿಪ್ಟಿನೊಳಗೆ ಕೂರಬೇಕಾದದ್ದು ಅದೇ. ಮುಂದೆ ಮೇಕ್ ಇನ್‌ಸ್ಟಾಲ್ ಹೊತ್ತಿಗೆ ಅವರು ಮೂರನೆಯ ಜಾಗ ಹೇಳಿದರೆ ಕಡತಗಳು ಅಲ್ಲಿಗೆ ಹೋಗಬೇಕು, ಒಳಗಿನ ವಿಳಾಸ ಮಾತ್ರ ಬದಲಾಗಬಾರದು. ಆದ್ದರಿಂದ ತುಂಬುವ ಕೆಲಸ ಮೇಕ್‌ಫೈಲಿನದು. ಅಲ್ಲಿ ಪದ ಹುಡುಕಿ ಬದಲಿಸುವ ಒಂದು ಸೆಡ್ ನಿಯಮ ಬರೆದರೆ ಸಾಕು. ವಿಳಾಸದಲ್ಲೇ ಓರೆಗೆರೆಗಳಿರುವುದರಿಂದ ಸೆಡ್‌ನಲ್ಲಿ ಹಳೆಯ ಮತ್ತು ಹೊಸ ಪದಗಳನ್ನು ಬೇರ್ಪಡಿಸಲು ನೆಟ್ಟಗೆರೆಯನ್ನು ಬಳಸಿ. ಹುಡುಕುವ ಪದದ ಕೊನೆಯ ಆಟ್ ಚಿಹ್ನೆಯನ್ನು ಚೌಕ ಆವರಣದಲ್ಲಿಡಿ, ಇಲ್ಲವಾದರೆ ಮೇಕ್‌ಫೈಲನ್ನು ತಯಾರಿಸುವಾಗಲೇ ಅದನ್ನೂ ಕಾನ್ಫಿಗರ್ ಬದಲಿಸಿಬಿಡುತ್ತದೆ. ತಾನಿರುವ ಜಾಗವನ್ನು ತಾನೇ ಕಂಡುಕೊಳ್ಳುವಂತೆ ಬರೆದ ಸ್ಕ್ರಿಪ್ಟುಗಳಿಗೆ ಇದಾವುದೂ ಬೇಕಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ.

ಡೆಸ್ಟ್‌ಡಿರ್ ಎಂಬುದನ್ನಂತೂ ಒಳಗೆ ಸೇರಿಸಲೇಬೇಡಿ. ಅದು ಪ್ಯಾಕೇಜ್ ಕಟ್ಟುವಾಗ ಕಡತಗಳನ್ನು ಹರವಿಕೊಳ್ಳುವ ತಾತ್ಕಾಲಿಕ ಅಂಗಳ. ಉಡುಪಿಯ ಗ್ರಾಹಕರೊಬ್ಬರ ಯಂತ್ರದಲ್ಲಿ ‘/ಟಿಎಂಪಿ’ ಒಳಗಿನ ಆ ವಿಳಾಸವೇ ಸ್ಕ್ರಿಪ್ಟಿಗೆ ಸೇರಿ, ಪ್ಯಾಕೇಜ್ ಕಟ್ಟಿದ್ದೂ ಅದೇ ಯಂತ್ರದಲ್ಲಾದ್ದರಿಂದ, ಮೂರು ವಾರ ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಜುಲೈಯ ಒಂದು ರಾತ್ರಿ ಕರೆಂಟು ಹೋಗಿ ಯಂತ್ರ ಮರಳಿ ಶುರುವಾದಾಗ ‘/ಟಿಎಂಪಿ’ ಖಾಲಿಯಾಗಿತ್ತು. ಬೆಳಿಗ್ಗೆ ಫೋನು ಮಾಡಿದ ಅವರು, “ಸಿಡಿಲಿಗೆ ಸಾಫ್ಟ್‌ವೇರು ಹಾಳಾಗುವುದುಂಟಾ ಮಾರಾಯ್ರೆ?” ಎಂದು ಕೇಳಿದರು.