ಹೊಸ ಲ್ಯಾಪ್‌ಟಾಪ್ ಬಂತು, ಫೈಲೆಲ್ಲ ಡೆಸ್ಕ್‌ಟಾಪ್ ಮೇಲೇ ಇಟ್ಟರೆ ಎಂತಾಗುತ್ತದೆ?

ಪ್ರಶ್ನೆ: ಮಗಳ ಓದಿಗೆಂದು ಹೊಸ ಲ್ಯಾಪ್‌ಟಾಪ್ ತಂದೆವು. ಈಗ ಮನೆಯವರೆಲ್ಲ ಅದನ್ನೇ ಬಳಸುತ್ತಿದ್ದೇವೆ. ತೋಟದ ಲೆಕ್ಕ, ಪಹಣಿ, ಅತ್ತೆಯ ರಕ್ತ ಪರೀಕ್ಷೆಯ ರಿಪೋರ್ಟು, ಮಗಳ ನೋಟ್ಸು ಎಲ್ಲ ಡೆಸ್ಕ್‌ಟಾಪ್ ಮೇಲೆ ಕೂತಿವೆ. ಬೇಕಾದಾಗ ಒಂದೂ ಸಿಗುವುದಿಲ್ಲ. ಪರಿಚಯದವರೊಬ್ಬರು "ಸಿ ಡ್ರೈವ್‌ನಲ್ಲಿ ಎಂತದೂ ಇಡಬೇಡಿ, ಡಿ ಡ್ರೈವ್ ಮಾಡಿಸಿ" ಅನ್ನುತ್ತಾರೆ. ಫೋಲ್ಡರ್ ಹೇಗೆ ಮಾಡಿಕೊಳ್ಳುವುದು? (ಶಿರಸಿ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು)

ಉತ್ತರ: ಈ ಪ್ರಶ್ನೆ ಹಿಡಿದುಕೊಂಡು ನನ್ನ ರಿಪೇರಿ ಅಂಗಡಿಗೆ ಬರುವವರು ಜಾಸ್ತಿ. ಹೊಸ ಮಷಿನ್ ತಂದವರು ಮೊದಲ ವಾರ ಪರದೆಗೆ ಚೆಂದದ ಫೋಟೋ ಹಾಕಿಕೊಳ್ಳುತ್ತಾರೆ. ತಿಂಗಳಾಗುವಷ್ಟರಲ್ಲಿ ಆ ಫೋಟೋವೇ ಕಾಣುವುದಿಲ್ಲ, ಮೇಲೆಲ್ಲ ಫೈಲು.

ಡಿ ಡ್ರೈವ್ ಮಾತು ಮೊದಲು ಮುಗಿಸಿಬಿಡುತ್ತೇನೆ. ಎ ಮತ್ತು ಬಿ ಅಕ್ಷರಗಳು ಹಿಂದೆ ಫ್ಲಾಪಿಗೆ ಹೋಗಿದ್ದವು, ಹಾಗಾಗಿ ಹಾರ್ಡ್ ಡಿಸ್ಕ್‌ಗೆ ಸಿ ಬಂತು. ವಿಂಡೋಸ್ ಆಗಾಗ ಕೆಡುತ್ತಿದ್ದ ಕಾಲದಲ್ಲಿ ಸಿ ಒರೆಸಿ ಹೊಸದಾಗಿ ಹಾಕುತ್ತಿದ್ದೆವು. ಡಿ ಹಾಗೇ ಉಳಿಯುತ್ತಿತ್ತು. ಆ ಅಭ್ಯಾಸ ಇನ್ನೂ ಹೋಗಿಲ್ಲ. ಈಗಿನ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಒಂದೇ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಬಂದ ಹೊಸ ಬಗೆಯ ಡಿಸ್ಕ್) ಇರುತ್ತದೆ. ಅದನ್ನು ಸಿ, ಡಿ ಎಂದು ಒಡೆಯುವುದು ಒಂದೇ ಕೋಣೆಗೆ ನಡುವೆ ಹಲಗೆ ಹೊಡೆದ ಹಾಗೆ. ಮಾಡು ಸೋರಿದರೆ ಎರಡೂ ಕಡೆ ಸೋರುತ್ತದೆ. ಎಸ್‌ಎಸ್‌ಡಿ ಸತ್ತರೆ ಡಿ ಕೂಡ ಸಾಯುತ್ತದೆ. ನಿಮ್ಮದು 256 ಜಿಬಿಯದ್ದಾದರೆ ಒಡೆಯಲೇಬೇಡಿ, ವರ್ಷದೊಳಗೆ ಸಿ ತುಂಬಿ ಒದ್ದಾಡುತ್ತೀರಿ. ವಿಂಡೋಸ್ ಕೆಟ್ಟರೂ ಈಗ ರಿಸೆಟ್ ಮಾಡುವಾಗ 'ಕೀಪ್ ಮೈ ಫೈಲ್ಸ್' ಎಂಬ ಆಯ್ಕೆ ಇದೆ. ಪರಿಚಯದವರ ಸಲಹೆ ತಪ್ಪಲ್ಲ, ಹಳೆಯದು ಅಷ್ಟೆ.

ಇನ್ನು ಡೆಸ್ಕ್‌ಟಾಪ್. ಅದು ಪರದೆಯೇ ಅಂತ ತುಂಬಾ ಜನ ತಿಳಿದಿರುತ್ತಾರೆ. ಅದೂ ಒಂದು ಫೋಲ್ಡರ್. ಸಿ ಡ್ರೈವ್‌ನಲ್ಲಿ ಯೂಸರ್ಸ್ ಅನ್ನುವುದರೊಳಗೆ, ನಿಮ್ಮ ಲಾಗಿನ್ ಹೆಸರಿನ ಕೆಳಗೆ ಇರುತ್ತದೆ. ಇದು ಸಣ್ಣ ವಿಷಯ ಅಂತ ನಾನೂ ಅಂದುಕೊಂಡಿದ್ದೆ. ಅಂಗಡಿ ಇಟ್ಟ ಹೊಸದರಲ್ಲಿ ಒಬ್ಬರ ಕಂಪ್ಯೂಟರ್ ಫಾರ್ಮ್ಯಾಟ್‌ಗೆ ಬಂತು. "ಎಲ್ಲಾ ಡಿ ಡ್ರೈವ್‌ನಲ್ಲಿದೆ ಮಾರಾಯ್ರೆ" ಅಂದರು. ನಾನು ನಂಬಿದೆ. ಮೈ ಡಾಕ್ಯುಮೆಂಟ್ಸ್ ಒಂದನ್ನು ಮಾತ್ರ ನಕಲು ಮಾಡಿಕೊಂಡು ಸಿ ಒರೆಸಿಬಿಟ್ಟೆ. ಅವರ ಅಪ್ಪನ ತಾಳಮದ್ದಳೆಯ ರೆಕಾರ್ಡಿಂಗುಗಳು ಡೆಸ್ಕ್‌ಟಾಪ್ ಮೇಲಿದ್ದವು. ಅಪ್ಪ ತೀರಿಹೋಗಿ ಆಗಲೇ ವರ್ಷವಾಗಿತ್ತು. ಅವರು ಬೈಯಲೂ ಇಲ್ಲ, ಸುಮ್ನೆ ಕೂತರು. ಆ ದಿನದಿಂದ ಯಾರೇ ಬರಲಿ, ಡೆಸ್ಕ್‌ಟಾಪ್ ಫೋಲ್ಡರ್ ತೆರೆದು ಅವರ ಎದುರೇ ನೋಡುತ್ತೇನೆ.

ಹಾಗಂತ ಡೆಸ್ಕ್‌ಟಾಪ್ ಅಪಾಯದ ಜಾಗ ಅಂತಲ್ಲ. ಅಲ್ಲಿಟ್ಟರೆ ಮಷಿನ್ ನಿಧಾನವಾಗುತ್ತದೆ ಅನ್ನುವುದನ್ನೂ ತುಂಬಾ ನಂಬಬೇಡಿ. ತೊಂದರೆ ಬೇರೆ. ಎಲ್ಲವೂ ಕಣ್ಣೆದುರಿಗಿದ್ದರೆ ಯಾವುದೂ ಕಾಣುವುದಿಲ್ಲ, ಅಲ್ವಾ? ಈ ವಾರ ಕೆಲಸ ನಡೆಯುತ್ತಿರುವ ನಾಲ್ಕೈದು ಫೈಲು ಅಲ್ಲಿರಲಿ. ಉಳಿದದ್ದು ಒಳಗೆ ಹೋಗಲಿ.

ಒಳಗೆ ಅಂದರೆ ಡಾಕ್ಯುಮೆಂಟ್ಸ್. ಅಲ್ಲಿ ಹೋಗಿ ಫೋಲ್ಡರ್ ಮಾಡುವಾಗ ಹೆಚ್ಚಿನವರು ಮಾಡುವ ತಪ್ಪು ಒಂದಿದೆ: 'ಪಿಡಿಎಫ್', 'ಎಕ್ಸೆಲ್', 'ಫೋಟೋ' ಎಂದು ಜಾತಿವಾರು ಹಂಚುವುದು. ನೋಡಲು ಶಿಸ್ತು, ಬಳಸಲು ಕಷ್ಟ. ನಿಮ್ಮ ಅತ್ತೆಯ ವಿಷಯವನ್ನೇ ತೆಗೆದುಕೊಳ್ಳಿ. ಲ್ಯಾಬಿನ ರಿಪೋರ್ಟು ಪಿಡಿಎಫ್, ಡಾಕ್ಟರ ಚೀಟಿ ವಾಟ್ಸಾಪ್‌ನಲ್ಲಿ ಬಂದ ಫೋಟೋ, ಮಾತ್ರೆಯ ಲೆಕ್ಕ ಎಕ್ಸೆಲ್. ಮೂರು ಮೂರು ಕಡೆ ಹೋದವು. ಆದರೆ ಆಸ್ಪತ್ರೆಗೆ ಹೊರಡುವ ದಿನ ನಿಮಗೆ ಬೇಕಾದದ್ದು 'ಅತ್ತೆಯದ್ದು', ಪಿಡಿಎಫ್ ಅಲ್ಲ. ಫೈಲಿನ ಜಾತಿ ನೋಡಬೇಕೆಂದರೆ 'ಟೈಪ್' ಅನ್ನುವ ಕಾಲಮ್ ಮೇಲೆ ಒಂದು ಸಲ ಒತ್ತಿದರೆ ವಿಂಡೋಸೇ ಬೇರೆ ಮಾಡಿ ತೋರಿಸುತ್ತದೆ. ಅದಕ್ಕೆ ಫೋಲ್ಡರ್ ಬೇಕಿಲ್ಲ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು: ಇಡುವಾಗ ತೋಚಿದ ಹೆಸರು ಬೇಡ, ಹುಡುಕುವಾಗ ಬಾಯಿಗೆ ಬರುವ ಹೆಸರು ಕೊಡಿ. ನಿಮ್ಮ ಮನೆಗೆ ತೋಟ, ಆಸ್ಪತ್ರೆ, ಕಾಲೇಜು, ಮನೆ ಕಾಗದ ಅಂತ ನಾಲ್ಕು ಸಾಕು. ಫೋಟೋ, ವಿಡಿಯೋಗಳು ಬೇರೆ ಕಡೆ, ಅದನ್ನು ಆಮೇಲೆ ಹೇಳುತ್ತೇನೆ. ಪಹಣಿ 'ಮನೆ ಕಾಗದ'ಕ್ಕೋ 'ತೋಟ'ಕ್ಕೋ? ನೀವು ಅದನ್ನು ಯಾವಾಗ ಹುಡುಕುತ್ತೀರಿ? ಸೊಸೈಟಿಯಲ್ಲಿ ಬೆಳೆಸಾಲಕ್ಕೆ ಕೇಳಿದಾಗ, ಬೆಳೆ ವಿಮೆ ತುಂಬುವಾಗ. ಹಾಗಾದರೆ 'ತೋಟ'. ಎರಡೂ ಕಡೆ ಬೇಕೆನಿಸಿದರೆ ಎರಡು ನಕಲು ಇಡಬೇಡಿ, ಒಂದು ಕಡೆ ಶಾರ್ಟ್‌ಕಟ್ ಮಾಡಿಡಿ. ಎರಡು ನಕಲಿದ್ದರೆ ಯಾವುದು ಹೊಸದು ಅಂತ ನೋಡುವುದೇ ಒಂದು ಕೆಲಸವಾಗುತ್ತದೆ.

ಮಗಳಿಗೆ ಬೇರೆ ಲಾಗಿನ್ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು. ಅವಳ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲ ಬೇರೆಯೇ ಆಗುತ್ತವೆ. ಜಗಳ ಅರ್ಧ ಕಡಿಮೆ.

'ತೋಟ'ದ ಒಳಗೆ ವರ್ಷವಾರು ಫೋಲ್ಡರ್ ಬೇಕಾಗುತ್ತದೆ, ಇಲ್ಲೊಂದು ತಕರಾರು ಇದೆ. ಅಡಿಕೆ ಕೊಯ್ಲು ವರ್ಷದ ಕೊನೆಗೆ ಶುರುವಾಗಿ ಜನವರಿ ದಾಟುತ್ತದೆ. ಆದ್ದರಿಂದ '2025', '2026' ಅಂತ ಮಾಡಿದರೆ ಒಂದೇ ಫಸಲು ಎರಡು ತುಂಡಾಯಿತು. ಸೊಸೈಟಿಯ ಲೆಕ್ಕ, ತೆರಿಗೆ, ಬ್ಯಾಂಕು ಎಲ್ಲ ಏಪ್ರಿಲ್‌ನಿಂದ ಮಾರ್ಚ್. '2025-26' ಅಂತ ಮಾಡಿಕೊಳ್ಳಿ. ದರ ಏರಲಿ ಅಂತ ಚಾಲಿಯನ್ನು (ಒಣಗಿಸಿ ಸುಲಿದ ಹಣ್ಣಡಿಕೆ) ತಿಂಗಳುಗಟ್ಟಲೆ ಇಟ್ಟು ಮಾರುವವರು ನಮ್ಮಲ್ಲಿ ಕಡಿಮೆಯೇ? 2025-26ರಲ್ಲಿ ಕೊಯ್ದ ಅಡಿಕೆಯ ಪಟ್ಟಿ, ಅಂದರೆ ಮಾರಿದ ಬಿಲ್ಲು, ಮುಂದಿನ ವರ್ಷದ್ದಾಗಬಹುದು. ಆಗ ಪಟ್ಟಿಯ ಮೇಲಿನ ತಾರೀಕನ್ನೇ ನೋಡಿ, ಕೊಯ್ದ ದಿನ ನೋಡಬೇಡಿ. ಕೇಳುವವರೆಲ್ಲ ಕೇಳುವುದು ಹಣ ಬಂದ ವರ್ಷವನ್ನು. ಯಾವ ಮರದಿಂದ ಎಷ್ಟು ಬಂತು ಅನ್ನುವ ಲೆಕ್ಕ ಇಡುವ ಉತ್ಸಾಹಿಗಳು ಬೇರೆ ಎಕ್ಸೆಲ್ ಹಾಳೆ ಮಾಡಿಕೊಳ್ಳಲಿ.

ಫೋಲ್ಡರಿನೊಳಗೆ ಫೋಲ್ಡರ್ ಅಂತ ಇಳಿಯುತ್ತಾ ಹೋಗಬೇಡಿ. ಮೂರು ಮೆಟ್ಟಿಲು ಸಾಕು: ತೋಟ, 2025-26, ಪಟ್ಟಿಗಳು. ವಿಂಡೋಸ್‌ನಲ್ಲಿ ಡ್ರೈವ್‌ನಿಂದ ಫೈಲಿನ ಹೆಸರಿನವರೆಗೆ ಇಡೀ ದಾರಿ ಸೇರಿ 260 ಅಕ್ಷರ ಎಂಬ ಹಳೆಯ ಮಿತಿ ಇದೆ, ಎಷ್ಟೋ ಪ್ರೋಗ್ರಾಂಗಳು ಇಂದಿಗೂ ಅದನ್ನು ದಾಟುವುದಿಲ್ಲ. ಕನ್ನಡದಲ್ಲಿ ಅದು ಬೇಗ ಖರ್ಚಾಗುತ್ತದೆ. 'ಶಿರಸಿ' ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರ್ ಗುಣಿತದ ಗುಡಿಸನ್ನೂ ಬೇರೆಯಾಗಿ ಎಣಿಸುತ್ತದೆ, ಅದಕ್ಕೆ ಅದು ಐದು.

ಕನ್ನಡದಲ್ಲಿ ಹೆಸರಿಡಬಹುದಾ ಅಂತ ಕೇಳುತ್ತಾರೆ. ಧಾರಾಳವಾಗಿ ಇಡಿ. ಯೂನಿಕೋಡ್‌ನಲ್ಲಿ, ಅಂದರೆ ಮೊಬೈಲಿನಲ್ಲಿ ಬರುವಂಥ ಕನ್ನಡದಲ್ಲಿ, ಟೈಪ್ ಮಾಡಿದ ಹೆಸರು ಹುಡುಕಿದರೆ ಸಿಗುತ್ತದೆ, ಅಕಾರಾದಿಯಾಗಿ ಸಾಲಾಗಿಯೂ ನಿಲ್ಲುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಪತ್ರಗಳ ಕಥೆ ಬೇರೆ. ಅದರೊಳಗಿನ ಕನ್ನಡ ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, 'ಅರ್ಜಿ' ಎಂದು ಹುಡುಕಿದರೆ ಸಿಗದು. ಅಂಥ ಫೈಲಿಗೆ ಹೆಸರನ್ನಾದರೂ ಸರಿಯಾಗಿ ಕೊಡಿ. ಆನ್‌ಲೈನ್ ಅರ್ಜಿಗೆ ಹಾಕುವ ಫೈಲಿಗೆ ಮಾತ್ರ ಇಂಗ್ಲಿಷ್ ಹೆಸರು, ನಡುವೆ ಜಾಗ ಬಿಡದೆ. ಕೆಲವು ಜಾಲತಾಣಗಳು ಕನ್ನಡ ಹೆಸರು ಕಂಡರೆ ಮುಖ ತಿರುಗಿಸುತ್ತವೆ.

ಹೆಸರಿನ ಮೊದಲಿಗೆ ತಾರೀಕು ಹಾಕಿ, ವರ್ಷದಿಂದ ಶುರು ಮಾಡಿ: '2026-03-14 ಚಾಲಿ ಪಟ್ಟಿ'. ನಾವು ಮಾತಾಡುವ ಹಾಗೆ 14-03-2026 ಎಂದು ಬರೆದರೆ ಎಲ್ಲ ತಿಂಗಳ 14ನೇ ತಾರೀಕೂ ಒಟ್ಟಿಗೆ ಬಂದು ಕೂರುತ್ತವೆ. ಗೆರೆ ಅಡ್ಡವೇ ಇರಲಿ, ಓರೆ ಗೆರೆಯನ್ನು ವಿಂಡೋಸ್ ಹೆಸರಿನಲ್ಲಿ ಒಪ್ಪುವುದಿಲ್ಲ. ಸರ್ವೆ ನಂಬರ್ 45/2 ಎಂದು ಹೆಸರಿಡಲು ಹೋಗಿ ಕೀಬೋರ್ಡೇ ಕೆಟ್ಟಿದೆ ಅಂತ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದವರಿದ್ದಾರೆ! 45-2 ಎಂದು ಬರೆಯಿರಿ. ಪ್ರಶ್ನೆ ಚಿಹ್ನೆ, ನಕ್ಷತ್ರ, ಕೋಲನ್ ಕೂಡ ನಡೆಯುವುದಿಲ್ಲ. ಹೆಸರು ಬದಲಿಸಲು ಫೈಲ್ ಆರಿಸಿ ಎಫ್2 ಒತ್ತಿ. ಪಹಣಿಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದಿದ್ದರೆ ಅದರೊಳಗಿನ ಸರ್ವೆ ನಂಬರ್ ಸಾಮಾನ್ಯವಾಗಿ ಹುಡುಕಾಟಕ್ಕೆ ಸಿಗುವುದಿಲ್ಲ. ಹೆಸರಿನಲ್ಲಿದ್ದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಡೌನ್‌ಲೋಡ್ಸ್ ಅಂದರೆ ಮನೆಯ ಜಗಲಿ. ಬಂದವರೆಲ್ಲ ಮೊದಲು ಅಲ್ಲೇ ಕೂರುತ್ತಾರೆ. ಅಲ್ಲೇ ಉಳಿಸಿಕೊಳ್ಳುವುದಿಲ್ಲ, ಅಷ್ಟೆ. ವಾರಕ್ಕೊಮ್ಮೆ ನೋಡಿ, ಬೇಕಾದ್ದನ್ನು ಒಳಗೆ ಕರೆಯಿರಿ. ಒಂದೇ ಡ್ರೈವ್‌ನೊಳಗೆ ಫೈಲನ್ನು ಎಳೆದು ಹಾಕಿದರೆ ಅದು ಜಾಗ ಬದಲಿಸುತ್ತದೆ. ಪೆನ್‌ಡ್ರೈವ್‌ಗೆ ಎಳೆದರೆ ನಕಲಾಗುತ್ತದೆ, ಮೂಲ ಇಲ್ಲೇ ಇರುತ್ತದೆ. ಇನ್ನೊಂದು ವಿಷಯ: ಪೆನ್‌ಡ್ರೈವ್‌ನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಬರುವುದಿಲ್ಲ. ಹೋಯಿತು ಅಂದರೆ ಹೋಯಿತು.

ಈಗ ಹಳ್ಳಿಯವರು ನಿಜವಾಗಿ ಎಡವುವ ಜಾಗಕ್ಕೆ ಬರೋಣ. ಹೊಸ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಒನ್‌ಡ್ರೈವ್‌ಗೆ (ನೆಟ್ ಮೇಲಿನ ಮೈಕ್ರೋಸಾಫ್ಟ್ ಉಗ್ರಾಣ) ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. ಫೈಲಿನ ಪಕ್ಕ ನೋಡಿ. ಮೋಡದ ಚಿತ್ರ ಇದ್ದರೆ ಆ ಫೈಲು ನಿಮ್ಮ ಮಷಿನ್‌ನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ತೆರೆದಾಗ ನೆಟ್‌ನಿಂದ ಇಳಿಯುತ್ತದೆ. ಮಳೆಗಾಲದಲ್ಲಿ ಕರೆಂಟಿಲ್ಲ, ಕರೆಂಟ್ ಹೋದ ಮೇಲೆ ಟವರ್ ಇಲ್ಲ. ಆಗ ತೆರೆಯಲು ಹೋದರೆ ಏನು ಬರುತ್ತದೆ? ಮುಖ್ಯವಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಒತ್ತಿ. ಹಸಿರು ಸರಿ ಗುರುತು ಬಂದರೆ ಫೈಲು ಮನೆಯಲ್ಲೇ ಇದೆ.

ಒನ್‌ಡ್ರೈವ್ ಉಚಿತವಾಗಿ ಕೊಡುವುದು 5 ಜಿಬಿ. ಒಂದು ಮದುವೆಯ ಫೋಟೋಗೆ ಅದು ಸಾಲದು. ಅದಕ್ಕೇ ಫೋಟೋ, ವಿಡಿಯೋಗಳನ್ನು ಈ ಮೂರು ಫೋಲ್ಡರಿನ ಹೊರಗೆ, ಸಿ ಡ್ರೈವ್‌ನಲ್ಲೇ ಬೇರೆ ಫೋಲ್ಡರ್ ಮಾಡಿ ಇಡಿ ಅಂದದ್ದು. ಬೇಡವೇ ಬೇಡ ಎಂದು ಒನ್‌ಡ್ರೈವ್‌ನ ಬ್ಯಾಕಪ್ ಆಫ್ ಮಾಡಿದರೆ ಡೆಸ್ಕ್‌ಟಾಪ್ ಖಾಲಿ ಕಾಣಬಹುದು. ಹೆದರಬೇಡಿ, ಫೈಲುಗಳು ಒನ್‌ಡ್ರೈವ್ ಫೋಲ್ಡರಿನಲ್ಲಿ ಇರುತ್ತವೆ, ಅಲ್ಲಿಂದ ಎತ್ತಿ ತನ್ನಿ. ಮತ್ತೆ, ಅದನ್ನೇ ಪೂರ್ತಿ ಬ್ಯಾಕಪ್ ಅಂತ ನಂಬಿ ಕೂರಬೇಡಿ. ಅಲ್ಲಿ ಅಳಿಸಿದರೆ ಇಲ್ಲೂ ಅಳಿಯುತ್ತದೆ.

ನಿಜವಾದ ಬ್ಯಾಕಪ್‌ಗೆ ಹೊರಗಿನ ಹಾರ್ಡ್ ಡಿಸ್ಕ್ ಒಂದು ತನ್ನಿ. ತಿಂಗಳಿಗೊಮ್ಮೆ ನಕಲು ಮಾಡಿ, ಕೇಬಲ್ ಬಿಚ್ಚಿಡಿ. ಸಿಡಿಲು ಹೊಡೆದಾಗ ಸಿಕ್ಕಿಸಿಟ್ಟದ್ದೆಲ್ಲ ಒಟ್ಟಿಗೆ ಹೋಗುತ್ತದೆ. ಇನ್ನೊಂದು ನಕಲು ಬೇರೆ ಊರಿನಲ್ಲಿರಲಿ, ಕಾರವಾರದಲ್ಲೋ ಬೆಂಗಳೂರಿನಲ್ಲೋ ನಿಮ್ಮವರು ಇದ್ದೇ ಇರುತ್ತಾರೆ. ಎಲ್ಲವನ್ನೂ ಜೋಪಾನ ಮಾಡಬೇಕಿಲ್ಲ. ಇವತ್ತಿನ ಪಹಣಿ ಭೂಮಿ ಜಾಲತಾಣದಲ್ಲಿ ಮತ್ತೆ ಸಿಗುತ್ತದೆ, ಆಧಾರ್ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಎಲ್ಲೂ ಸಿಗದಿರುವುದು ಮನೆಯ ಫೋಟೋ, ಕೈಲೆಕ್ಕ, ಹಿರಿಯರ ಧ್ವನಿ. ಮೊದಲು ಅವನ್ನು ನಕಲು ಮಾಡಿ. ಬೂಷ್ಟು ಹಿಡಿಯುತ್ತಿರುವ ಹಳೆಯ ಕಾಗದಗಳಿದ್ದರೆ ಅವನ್ನೂ ಮಳೆಗಾಲದ ಮುಂಚೆ ಸ್ಕ್ಯಾನ್ ಮಾಡಿಸಿಬಿಡಿ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಹೆಚ್ಚಾಗಿ ತಾನಾಗಿಯೇ ಬೀಗ ಬಿದ್ದಿರುತ್ತದೆ, ಬಿಟ್‌ಲಾಕರ್ ಎಂದು. ರಿಪೇರಿಯ ವೇಳೆ ಅದು 48 ಅಂಕೆಯ ರಿಕವರಿ ಕೀ ಕೇಳಬಹುದು. ಅದಿಲ್ಲದಿದ್ದರೆ ಫೈಲುಗಳನ್ನು ನಾನೂ ತೆಗೆಯಲಾರೆ, ಬೇರೆ ಯಾರೂ ತೆಗೆಯಲಾರರು. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇರುತ್ತದೆ. ಇವತ್ತೇ ತೆಗೆದು ಕಾಗದದಲ್ಲಿ ಬರೆದು ಜಮೀನಿನ ಕಾಗದಗಳ ಜೊತೆ ಇಡಿ. ಲ್ಯಾಪ್‌ಟಾಪ್ ಒಳಗೇ ಬರೆದಿಟ್ಟವರನ್ನು ನೋಡಿದ್ದೇನೆ, ಕಪಾಟಿನ ಕೀಲಿಯನ್ನು ಕಪಾಟಿನೊಳಗೇ ಇಟ್ಟ ಹಾಗೆ.

ಈಗಾಗಲೇ ಡೆಸ್ಕ್‌ಟಾಪ್ ಮೇಲೆ ಕೂತಿರುವುದನ್ನು ಎಂತ ಮಾಡುವುದು? ಒಂದು ಭಾನುವಾರ ಪೂರ್ತಿ ಕೂತು ಹಂಚುತ್ತೇನೆ ಅಂತ ಹೊರಟರೆ ಮಧ್ಯಾಹ್ನದ ಊಟಕ್ಕೇ ಬೇಜಾರು ಬರುತ್ತದೆ. ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಡಾಕ್ಯುಮೆಂಟ್ಸ್‌ನಲ್ಲಿ 'ರಾಶಿ' ಅಂತ ಒಂದು ಫೋಲ್ಡರ್ ಮಾಡಿ. ಅಡಿಕೆ ರಾಶಿಯಲ್ಲ, ಬರೀ ರಾಶಿ. ಎಲ್ಲವನ್ನೂ ಅದಕ್ಕೆ ಸುರಿಯಿರಿ. ಯಾವ ಫೈಲು ಬೇಕಾಯಿತೋ ಅದನ್ನು ಆ ದಿನ ತೆಗೆದು, ಹೆಸರು ಕೊಟ್ಟು, ಅದರ ಮನೆಗೆ ಸೇರಿಸಿ. ಮುಂದಿನ ಕೊಯ್ಲಿನವರೆಗೂ ಯಾರೂ ಕೇಳದೆ ಉಳಿದದ್ದನ್ನು ಹಾರ್ಡ್ ಡಿಸ್ಕ್‌ಗೆ ಹಾಕಿ ಮರೆತುಬಿಡಿ. ಅತ್ತೆಯ ರಿಪೋರ್ಟುಗಳನ್ನು ಮಾತ್ರ ರಾಶಿಗೆ ಹಾಕಬೇಡಿ. ಅವನ್ನು ಇವತ್ತೇ 'ಆಸ್ಪತ್ರೆ'ಗೆ ಸೇರಿಸಿ. ಡಾಕ್ಟರು ಹಿಂದಿನ ರಿಪೋರ್ಟ್ ಕೇಳಿದಾಗ ಲ್ಯಾಪ್‌ಟಾಪ್ ಮನೆಯಲ್ಲಿರುತ್ತದೆ, ನೀವು ಆಸ್ಪತ್ರೆಯ ಬೆಂಚಿನ ಮೇಲಿರುತ್ತೀರಿ. ಅದಕ್ಕೆ ಒಂದು ನಕಲು ಮೊಬೈಲಿನಲ್ಲೂ ಇರಲಿ.